ಚಕ್ ನಾರಿಸ್ ನಿಧಿ ಹುಡುಕಾಕ ಹೋದ ಪಿಕ್ಚರ್: ನಗು ಎಲ್ಲಿ ತಪ್ಪಿತು?

ಕ್ಯಾಂಪ್ ಹುಡುಗ | ಬೆಳಗಾವಿ

ಗೆಳೆಯಾರ, ಒಂದು ಹಳೇ ಪಿಕ್ಚರಿನ ಮಾತು ತಗೀತೀನಿ. 1986ರಾಗ ಬಂದ ‘ಫೈರ್‌ವಾಕರ್’. ಚಕ್ ನಾರಿಸ್ ಬಂದೂಕು ಒಂದೀಟು ಬಾಜೂಕ ಇಟ್ಟು, ನಕ್ಕೋತ ಚ್ಯಾಷ್ಟಿ ಮಾಡ್ಕೋತ ನಿಧಿ ಹುಡುಕಾಕ ಹೋಗೂ ಪಿಕ್ಚರ್. ಇದರ ಹೆಸರು ತಗದ್ರ ಸಾಕು, ಮಂದಿ ‘ಅದು ಕಸ’ ಅಂದು ಮುಂದ ಹೋಗಿಬಿಡ್ತಾರ. ನಂಗ ಹಂಗ ಮುಂದ ಹೋಗಾಕ ಆಗವಲ್ದು.

ನಾ ಅದನ್ನ ನೋಡಿದ್ದು ಗಣಪತಿ ಹಬ್ಬದಾಗ. ನಮ್ಮ ಓಣಿ ಮಂಡಳದವರು ಪಟ್ಟಿ ಎತ್ತಿ ಕಲರ್ ಟಿವಿ, ವಿಸಿಆರ್ ಬಾಡಿಗಿ ತರ್ತಿದ್ರು. ಒಂದ ರಾತ್ರಿಗೆ ಮೂರು ಕ್ಯಾಸೆಟ್. ಪೆಂಡಾಲದ ಮುಂದ ತಾಡಪತ್ರಿ ಹಾಸಿ ಕುಂದ್ರತಿದ್ವಿ. ಮುಂದಿನ ಸಾಲು ನಮ್ಮದು, ಕರಾಟೆ ಕ್ಲಾಸಿನ ಹುಡುಗರದು. ಮುಂಜಾನೆ ಐದಕ್ಕ ಎದ್ದು ಸಾಲಿ ಮೈದಾನದಾಗ ಒದಿಯೂದು ಕಲೀತಿದ್ದ ವಯಸ್ಸು. ನಮ್ಮ ಪಾಲಿಗೆ ಚಕ್ ನಾರಿಸ್ ಕರಾಟೆದಾಗ ಖರೇನ ಚಾಂಪಿಯನ್ ಆಗಿ ಆಮ್ಯಾಲ ಪಿಕ್ಚರಿಗೆ ಬಂದವ. 1972ರ ‘ವೇ ಆಫ್ ದಿ ಡ್ರ್ಯಾಗನ್’ದಾಗ ರೋಮಿನ ಕೊಲೋಸಿಯಮ್ಮಿನೊಳಗ ಬ್ರೂಸ್ ಲೀ ಎದುರು ನಿಂತವ. ಕಡೀಕ ಅವ ಸತ್ತು ಬಿದ್ದಾಗ ಬ್ರೂಸ್ ಲೀ ಅವನ ಕರಾಟೆ ಅಂಗಿ, ಪಟ್ಟಿ ತಂದು ಮೈಮ್ಯಾಲ ಹೊಚ್ಚತಾನ. ಆ ಒಂದು ಹೊಚ್ಚೂದು ನೋಡಿ ನಾವು ಎಷ್ಟು ಮಂದಿ ಕಣ್ಣೀರು ಒರಸ್ಕೊಂಡೀವಿ!

ಅವತ್ತು ಮೊದಲ ಎರಡು ಕ್ಯಾಸೆಟ್ ‘ಮಿಸಿಂಗ್ ಇನ್ ಆಕ್ಷನ್’, ‘ದಿ ಡೆಲ್ಟಾ ಫೋರ್ಸ್’. ಓಣಿ ತುಂಬ ಸೀಟಿ. ಮೂರನೇದು ಇದು. ಹೆಸರು ಕೇಳಿ ನಾವು ಅಂದುಕೊಂಡಿದ್ದ ಬ್ಯಾರೆ. ಫೈರ್‌ವಾಕರ್ ಅಂದ್ರ ಅಗ್ಗಿ ಹಾಯಾಂವ. ವೀರಭದ್ರನ ಜಾತ್ರ್ಯಾಗ, ಮೊಹರಮ್ಮಿನಾಗ ಕೆಂಡ ಹಾಯೂದು ನೋಡಿ ಬೆಳದವರು ನಾವು. ನಮ್ಮ ಮನಷ್ಯಾ ಕೆಂಡದ ಮ್ಯಾಲ ನಡಕೋತ ಬಂದು ವೈರಿಗಳನ್ನ ಒದಿತಾನ ಅಂತ ಉಸರು ಬಿಗಿ ಹಿಡದು ಕುಂತ್ವಿ. ಪಿಕ್ಚರ್ ಶುರು ಆಗಿ ಸ್ವಲ್ಪೊತ್ತಿಗೆ ಅವ ಹಲ್ಲ ಬಿಟ್ಟು ನಗಾಕ ಹತ್ತಿದ. ಕಣ್ಣು ಹೊಡೆದಂಗ ಮಾಡಿದ. ನನ್ನ ಬಾಜೂಕಿದ್ದ ಗೆಳೆಯಾ ಮೆಲ್ಲಕ ಕೇಳಿದ: ‘ಇವಂಗ ಏನ ಆಗೇತಿ?’ ನನ್ನ ಹಂತ್ಯಾಕ ಉತ್ತರ ಇರಲಿಲ್ಲ. ಹಿಂದಿನ ಸಾಲಿನವರು ಒಬ್ಬೊಬ್ಬರ ಎದ್ದು ಮನಿಗೆ ಹೋದ್ರು. ನಾವು ಮಾತ್ರ ಕಡೀತನ ಕುಂತ್ವಿ, ಮನಿ ಹಿರ್ಯಾನ ಜಡ್ಡಿನಾಗ ಕಾಯ್ದಂಗ.

ಈಗ ಐವತ್ತು ದಾಟೇತಿ. ಮೊನ್ನೆ ಮತ್ತ ಪೂರಾ ನೋಡಿದೆ. ಕೇಳೂದು ಇಷ್ಟ: ಅಷ್ಟು ದೊಡ್ಡ ಬಡದಾಟದ ನಟ ಹಗುರಾಗಬೇಕು ಅಂತ ಮನಸ್ಸು ಮಾಡಿದಾಗ ಯಾಕ ಅದು ಕೈಗೂಡಲಿಲ್ಲ? ತಿಳದವರು ಹೇಳ್ರಿ.

ಗುಮ್ಮಟದ ದನಿ | ವಿಜಯಪುರ

ಅಣ್ಣಾರ, ಭಾಳ ಛಲೋ ಮಾತು ತಗದೀರಿ. ಈ ಪಿಕ್ಚರ್ ಮಾಡಿದವರು ಯಾರು ಅಂತ ಮೊದಲ ಹೇಳ್ತೀನಿ, ಯಾಕಂದ್ರ ಅದರಾಗ ಅರ್ಧ ಉತ್ತರ ಅದ.

ತಯಾರಿಸಿದವರು ಕ್ಯಾನನ್ ಫಿಲ್ಮ್ಸ್. ಗೋಲನ್ ಮತ್ತ ಗ್ಲೋಬಸ್ ಅಂತ ಇಸ್ರೇಲಿನ ಇಬ್ಬರು ಸೋದರ ಸಂಬಂಧಿಗಳು 1979ರಾಗ ಆ ಕಂಪನಿ ಕೊಂಡರು. ಕಡಿಮಿ ರೊಕ್ಕದಾಗ ಲಗೂನ ಪಿಕ್ಚರ್ ಮುಗಿಸಿ ಬಿಡೂದು ಅವರ ಪದ್ಧತಿ. 1981ರಾಗ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ಬಂತು, 1984ರಾಗ ‘ರೊಮ್ಯಾನ್ಸಿಂಗ್ ದಿ ಸ್ಟೋನ್’. ನಿಧಿ, ನಕಾಶಿ, ಕಾಡು, ಜೋಡಿ ಜಗಳ, ಇದಕ್ಕ ಜಗತ್ತಿನ ತುಂಬ ಗಿರಾಕಿ ಆತು. ಕ್ಯಾನನ್‌ನವರೂ 1985ರಾಗ ‘ಕಿಂಗ್ ಸಾಲೊಮನ್ಸ್ ಮೈನ್ಸ್’ ಮಾಡಿದ್ರು. ಮರುವರ್ಷ ತಮ್ಮ ಕೈಯಾಗಿದ್ದ ದೊಡ್ಡ ಹೆಸರು ಚಕ್ ನಾರಿಸ್‌ನ ಅದ ಹಾದಿಗೆ ಹಚ್ಚಿದ್ರು.

ಈಗ ಇದನ್ನ ಕೇಳ್ರಿ. ಎರಡೂ ಪಿಕ್ಚರಿನ ಡೈರೆಕ್ಟರ್ ಜೆ. ಲೀ ಥಾಮ್ಸನ್. ಯಾರವ? 1961ರ ‘ದಿ ಗನ್ಸ್ ಆಫ್ ನವರೋನ್’ ಮಾಡಿದವ. ಮತ್ತ 1969ರ ‘ಮೆಕೆನ್ನಾಸ್ ಗೋಲ್ಡ್’! ನಮ್ಮ ದೇಶದಾಗ ಆ ಪಿಕ್ಚರ್ ಎಷ್ಟು ಓಡಿತು ಅಂತ ನಿಮ್ಮ ಅಪ್ಪಾರ ವಯಸ್ಸಿನವರನ್ನ ಕೇಳ್ರಿ. ಇಂಗ್ಲಿಷ್ ಒಂದಕ್ಷರ ಬಾರದ ನಮ್ಮ ಕಾಕಾ ಇವತ್ತಿಗೂ ಸೂರ್ಯಾ ಹುಟ್ಟೂ ಹೊತ್ತಿನಾಗ ಆ ಸೂಜಿಯಂಥ ಬಂಡಿ ನೆರಳು ಉದ್ದಕ ಬೆಳಕೋತ ಹೋಗೂದನ್ನ ಕೈ ಚಾಚಿ ತೋರಸ್ತಾನ. ಮತ್ತ ಕಡೀಕ ಕಣಿವಿಗೆ ಕಣಿವಿನ ಕುಸಿಯೂದು!

ಅಂದ್ರ ನಿಧಿ ಕಥಿ ಹೇಳೂದು ಆ ಡೈರೆಕ್ಟರಿಗೆ ಗೊತ್ತಿತ್ತು. 1986ಕ್ಕ ಅವನ ವಯಸ್ಸು ಎಪ್ಪತ್ತು ದಾಟಿತ್ತು, ಕಂಪನಿಯವರ ಗಡಿಬಿಡಿ ಬ್ಯಾರೆ. ಆದ್ರೂ ತಪ್ಪೆಲ್ಲ ಅವನ ಮ್ಯಾಲ ಹಾಕೂದು ನಂಗ ಸರಿ ಅನಸೂದಿಲ್ಲ.

ಜಮಖಂಡಿ ತಮ್ಮ | ಜಮಖಂಡಿ

ಅಣ್ಣಾರ, ನಾ ಪಿಕ್ಚರ್ ನೋಡಿಲ್ಲ. ಕಥಿ ಒಂದೀಟು ಹೇಳ್ರಲ್ಲ.

ಕ್ಯಾಂಪ್ ಹುಡುಗ | ಬೆಳಗಾವಿ

ತಮ್ಮಾ, ಕಥಿ ಸಣ್ಣದು. ಮ್ಯಾಕ್ಸ್ ಅಂತ ಚಕ್ ನಾರಿಸ್, ಲಿಯೊ ಅಂತ ಲೂಯಿ ಗಾಸೆಟ್ ಜೂನಿಯರ್. ಇಬ್ಬರೂ ನಿಧಿ ಬೆನ್ನ ಹತ್ತಿ ತಿರುಗೂ ದೋಸ್ತರು, ಕೈಗೆ ಏನೂ ಹತ್ತಿರೂದಿಲ್ಲ. ಪೆಟ್ರೀಷಿಯಾ ಅನ್ನಾಕಿ ಒಂದು ನಕಾಶಿ ಹಿಡಕೊಂಡು ಇವರನ್ನ ಹುಡಿಕ್ಕೋತ ಬರ್ತಾಳ. ಅಲ್ಲಿಂದ ಮೂರೂ ಮಂದಿ ಕೂಡಿ ಮಧ್ಯ ಅಮೆರಿಕಾದ ಕಡೆ ಬಂಗಾರ ತುಂಬಿದ ಗುಡಿ ಹುಡಿಕ್ಕೋತ ಹೋಗ್ತಾರ. ನಡುವ ದಾರೂ ಅಂಗಡ್ಯಾಗ ಹೊಡದಾಟ, ಪಾದ್ರಿ-ಸನ್ಯಾಸಿನಿ ವೇಷ ಹಾಕ್ಕೊಂಡು ತಪ್ಪಿಸಿಕೊಳ್ಳೂದು, ಬೆನ್ನ ಹತ್ತಿದ ಒಕ್ಕಣ್ಣಿನ ಖಳ. ‘ರೈಡರ್ಸ್’ದಾಗ ನಾಯಕ ಇಂಡಿಯಾನಾನ ದೋಸ್ತ ಆಗಿದ್ದ ಜಾನ್ ರೈಸ್-ಡೇವಿಸ್ ಇದರಾಗೂ ಬರ್ತಾನ. ಸಾಮಾನೆಲ್ಲಾ ಐತಿ, ಒಲಿನೂ ಐತಿ. ಅಡಿಗಿ ಮಾತ್ರ ಹದಕ್ಕ ಬಂದಿಲ್ಲ.

ಗುಮ್ಮಟದ ದನಿ | ವಿಜಯಪುರ

ಹದ ಯಾಕ ತಪ್ಪಿತು ಅನ್ನೂದಕ್ಕ ನನ್ನ ತಿಳವಳಿಕಿ ಹೇಳ್ತೀನಿ.

ಚಕ್ ನಾರಿಸ್‌ಗೆ ಪಿಕ್ಚರಿಗೆ ಬಾ ಅಂದಾಂವ ಹಾಲಿವುಡ್ ನಟ ಸ್ಟೀವ್ ಮೆಕ್ವೀನ್. ಅವ ಇವನ ಹಂತ್ಯಾಕ ಕರಾಟೆ ಕಲೀತಿದ್ದ. ಮುಂದ ಇವನ ಒಂದು ಪಿಕ್ಚರ್ ನೋಡಿ ಒಂದು ಬುದ್ಧಿಮಾತು ಹೇಳಿದ, ಅದನ್ನ ಚಕ್ ನಾರಿಸ್ ತಾನ ಬರಕೊಂಡಾನ: ಪರದೆ ಮ್ಯಾಲ ಮಾತು ಕಡಿಮಿ ಮಾಡು, ಕಥಿ ವಿವರಸೂ ಕೆಲಸ ಬ್ಯಾರೆ ನಟರಿಗೆ ಬಿಡು, ತೂಕದ ಮಾತು ಇದ್ದಾಗ ಮಾತ್ರ ನೀ ಬಾಯಿ ತಗಿ.

ಆ ಮಾತಿನ ಮ್ಯಾಲ ಇಡೀ ಮನಷ್ಯಾ ನಿಂತಾನ. 1984ರಿಂದ 86ರ ತನಕ ಬಂದ ಪಿಕ್ಚರ್ ತಗೋರಿ. ಅವ ಒಳಗ ಬಂದ್ರ ಕೋಣಿ ಗಪ್ ಆಗ್ತದ. ಅವನ ಖರೇ ತಮ್ಮ 1970ರಾಗ ವಿಯೆಟ್ನಾಂ ಯುದ್ಧದಾಗ ಸತ್ತ. ‘ಮಿಸಿಂಗ್ ಇನ್ ಆಕ್ಷನ್’ ಆ ತಮ್ಮನ ನೆನಪಿಗಂತ ಮಾಡಿದ್ದು. ಆ ಮಾರಿ ಮ್ಯಾಲ ಇದ್ದದ್ದು ನಟನೆ ಅಷ್ಟ ಅಲ್ಲ. ಆ ಮೌನ ನಂಬಿ ನಾವು ರೊಕ್ಕ ಕೊಟ್ಟವಿ.

ನಿಧಿ ಹುಡುಕೂ ಹಗುರ ಪಿಕ್ಚರಿನ ನಾಯಕಂಗ ಬೇಕಾಗಿದ್ದು ಇದರ ಉಲ್ಟಾ. ಅವ ವಟ ವಟ ಅನಬೇಕು, ಬಡಾಯಿ ಕೊಚ್ಚಬೇಕು, ಲೆಕ್ಕ ತಪ್ಪಬೇಕು, ಅಂಜಬೇಕು. ಇಂಡಿಯಾನಾ ಆದ ಹ್ಯಾರಿಸನ್ ಫೋರ್ಡ್ ಹಾವು ಕಂಡು ಬೆವರ್ತಾನ. ಟ್ಯುನಿಶಿಯಾದಾಗ ‘ರೈಡರ್ಸ್’ ತಗಿಯೂ ಮುಂದ ಅವಂಗ ಭೇದಿ ಹತ್ತಿತ್ತು. ಕತ್ತಿ ತಿರುಗಿಸೂ ಆಳಿನ ಜೋಡಿ ಉದ್ದನ ಕಾಳಗ ಆಗಬೇಕಿತ್ತು, ನಿಲ್ಲಾಕ ತ್ರಾಣ ಇಲ್ಲದಕ್ಕ ಸುಮ್ಮ ಪಿಸ್ತೂಲ್ ತಗದು ಹೊಡದ. ಜಗತ್ತು ಬಿದ್ದು ಬಿದ್ದು ನಕ್ಕಿತು. ಆ ನಗು ಹುಟ್ಟಿದ್ದು ದಣಿವಿನ್ಯಾಗ.

ಚಕ್ ನಾರಿಸ್ ದಣಿಯೂದಿಲ್ಲಲ್ಲ! ದಾರೂ ಅಂಗಡ್ಯಾಗ ಹತ್ತು ಮಂದಿ ಬಂದ್ರೂ ಅವ ಸೋಲೂದಿಲ್ಲ ಅಂತ ನಮಗ ಗೊತ್ತು, ಅವಂಗೂ ಗೊತ್ತು. ಅಂಜಿಕಿ ಇಲ್ಲದಲ್ಲಿ ಚ್ಯಾಷ್ಟಿ ಹೆಂಗ ಹುಟ್ಟಬೇಕು?

ಗೋಕಾಕ ನೀರು | ಗೋಕಾಕ

ಅದಕ್ಕ ಅಲ್ಲೇನ್ರಿ ಬಾಜೂಕ ಗಾಸೆಟ್ ಇರೂದು? ನಮ್ಮ ಶ್ರೀಕೃಷ್ಣ ಪಾರಿಜಾತ ನೋಡ್ರಿ. ಕುಲಗೋಡ ತಮ್ಮಣ್ಣನ ಊರಿನ ಕಡೆಯವರು ನಾವು, ಸಣ್ಣಂದಿರತನಾ ನೋಡೀವಿ. ಸತ್ಯಭಾಮಾ ಸಿಟ್ಟಿಲೆ ಕುಂತಿರ್ತಾಳ, ನಗಸೂ ಕೆಲಸ ಆಕಿದಲ್ಲ. ಬಾಜೂಕ ನಿಂತ ಭಾಗವತ ಕೆಣಕಿ ಕೆಣಕಿ ಮಾತು ತಗೀತಾನ. ಆಕಿ ಎಷ್ಟು ಬಿಗೀತಾಳೋ ಅಷ್ಟು ಮಂದಿ ನಗ್ತಾರ. ದೊಡ್ಡಾಟದಾಗೂ ಹಂಗ, ರಾಜ ಗಂಭೀರ, ಸಾರಥಿ ಚ್ಯಾಷ್ಟಿ.

ಗಾಸೆಟ್ ಸಣ್ಣ ನಟ ಅಲ್ಲ. ‘ಆ್ಯನ್ ಆಫೀಸರ್ ಆ್ಯಂಡ್ ಎ ಜಂಟಲ್‌ಮನ್’ಗೆ ಆಸ್ಕರ್ ತಗೊಂಡಾಂವ, 1982ರ ಪಿಕ್ಚರ್ ಅದು. ಭಾಗವತನ ಕೆಲಸ ಅವಂಗ ಕೊಟ್ಟ ಮ್ಯಾಲ ಚಕ್ ನಾರಿಸ್ ಸತ್ಯಭಾಮಾನಂಗ ಬಿಗದು ಕುಂತಿದ್ರ ಸಾಕಿತ್ತು. ಪಿಕ್ಚರಿನಾಗ ಇಬ್ಬರೂ ಭಾಗವತರು ಆಗಿಬಿಟ್ಟಾರ, ಬಿಗಿಯಾಗಿ ಕುಂದ್ರಾವರು ಯಾರೂ ಉಳದಿಲ್ಲ.

ಬನಶಂಕರಿ ಬಯಲು | ಬಾದಾಮಿ

ಗೋಕಾಕದ ಅಣ್ಣಾರ ಮಾತು ಓದಿ ಸುಮ್ಮ ಇರಾಕ ಆಗಲಿಲ್ಲ. ನಾ ಸಿನಿಮಾ ತಿಳದಾಕಿ ಅಲ್ಲರಿ. ನಮ್ಮ ಅಪ್ಪಾ ನಾಟಕ ಕಂಪನ್ಯಾಗ ಪೇಟಿ ಮಾಸ್ತರ ಇದ್ದ. ನಾ ಹುಟ್ಟಿದಾಗಿಂದ ಬನಶಂಕರಿ ಜಾತ್ರಿ ಅಂದ್ರ ನಮಗ ಒಂದು ತಿಂಗಳ ಮನಿ. ತಗಡಿನ ಥೇಟರು, ಮಣ್ಣಿನ ಸ್ಟೇಜು, ಹಿಂದ ಪರದೆ ಸಂದ್ಯಾಗ ನಮ್ಮ ಹಾಸಿಗಿ.

ಕಂಪನ್ಯಾಗ ಒಬ್ಬ ಹಿರಿಯ ನಟ ಇದ್ರು. ದುರ್ಯೋಧನ, ಕೀಚಕ, ಸಾಮಾಜಿಕ ನಾಟಕದಾಗ ಊರ ಗೌಡ, ಇಂಥಾವ ಅವರ ಪಾರ್ಟು. ಆರಡಿ ಆಳು. ಅವರು ಕಾಲಿಟ್ರ ಹಲಗಿ ಕಿರ್ರ ಅಂತಿತ್ತು. ನಾವು ಹುಡುಗರು ಅವರ ಎದುರು ಚಾ ಕಪ್ ಹಿಡಕೊಂಡು ಹೋಗಾಕೂ ಅಂಜತಿದ್ವಿ.

ಒಂದ ದಿನ ಹಾಸ್ಯದ ನಟಗ ವಿಪರೀತ ಜ್ವರ. ಮಧ್ಯಾಹ್ನ ಮೂರಕ್ಕ ದವಾಖಾನಿಗೆ ಒಯ್ದಿದ್ರು. ರಾತ್ರಿ ಎರಡು ಆಟ, ಟಿಕೀಟು ಮಾರಿ ಆಗಿದ್ದವು. ಮಾಲಕರು ತಲಿ ಮ್ಯಾಲ ಕೈ ಹೊತ್ತು ಕುಂತಾಗ ಈ ಹಿರಿಯರು ತಾವ ಎದ್ದು ‘ಆ ಪಾರ್ಟು ನಾ ಮಾಡ್ತೀನಿ’ ಅಂದ್ರು. ಎಲ್ಲಾರಿಗೂ ಖುಷಿ ಆತು. ಅವರಿಗೂ ಎಷ್ಟೋ ವರ್ಷದ ಆಸೆ ಇತ್ತಂತ, ಆಮ್ಯಾಲ ನಮ್ಮ ಅಪ್ಪನ ಮುಂದ ಹೇಳಿದ್ರು.

ಪಾರ್ಟು ಅಂದ್ರ ಸಾಹುಕಾರನ ಮನಿ ಆಳು. ಬಸಿ ಮ್ಯಾಲ ಕಪ್ ಇಟ್ಕೊಂಡು ಬರೂದು, ಸಾಹುಕಾರ ಬೈದಾಗ ತಡವರಸೂದು. ಮೊದಲ ಆಟದಾಗ ಅವರು ಹಾಸ್ಯದವರು ಏನೇನ ಮಾಡ್ತಾರೋ ಅದನ್ನೆಲ್ಲಾ ಮಾಡಿದ್ರು. ಮೂಗು ಸೊಟ್ಟ ಮಾಡಿದ್ರು, ಕಣ್ಣು ಮ್ಯಾಲ ಕೆಳಗ ಮಾಡಿದ್ರು, ಕುಣಕೋತ ಬಂದ್ರು. ಥೇಟರಿನಾಗ ಸೂಜಿ ಬಿದ್ರ ಕೇಳಬೇಕು, ಅಷ್ಟು ಸಪ್ಪಳಿಲ್ಲ. ಯಾರೋ ಹಿಂದಿನಿಂದ ಕೆಟ್ಟ ಸೀಟಿ ಹೊಡದ. ನಾ ವಿಂಗಿನಾಗ ನಿಂತು ನೋಡಾಕತ್ತಿದ್ದೆ. ಒಳಗ ಬಂದ ಆ ಮನಷ್ಯಾನ ಮಾರಿ ಮ್ಯಾಲ ಬಣ್ಣ ಕರಗಿ ಇಳಿಯಾಕತ್ತಿತ್ತು. ಅದು ಬೆವರೋ ಕಣ್ಣೀರೋ, ಸಣ್ಣಾಕಿ ನಾ, ತಿಳೀಲಿಲ್ಲ.

ಎರಡು ಆಟದ ನಡುವ ನಮ್ಮ ಅಪ್ಪಾ ಪೇಟಿ ಬಿಟ್ಟು ಎದ್ದು ಹೋಗಿ ಅವರ ಕಿವ್ಯಾಗ ಒಂದ ಮಾತು ಹೇಳಿದ: ‘ದುರ್ಯೋಧನ ಚಾ ತಂದಂಗ ತರ್ರಿ.’

ಎರಡನೇ ಆಟದಾಗ ಅವರು ಮಾರಿ ಕದಲಿಸಲಿಲ್ಲ. ಗದಾ ಹಿಡದ ಕೈಯಾಗ ಆ ಸಣ್ಣ ಕಪ್ ಹಿಡದು, ಸಭಾ ಪ್ರವೇಶ ಮಾಡಿದ ನಡಿಗ್ಯಾಗ, ಹಲಗಿ ಕಿರ್ರ ಅನಿಸಿಕೋತ ಬಂದ್ರು. ಸಾಹುಕಾರನ ಪಾರ್ಟು ಮಾಡೂ ಪೋರ ಖರೇನ ಅಂಜಿ ಎದ್ದು ನಿಂತ. ಥೇಟರ್ ಹಾರಿ ಹೋತರಿ! ಜನ ತಗಡ ಬಡದ್ರು. ನಮ್ಮ ಅಪ್ಪಾ ಪೇಟಿ ಮ್ಯಾಲ ತಲಿ ಇಟ್ಟು ನಕ್ಕ, ಸುರ ತಪ್ಪಿತು.

ನಿಮ್ಮ ಚಕ್ ನಾರಿಸ್‌ಗೆ ಯಾರರ ಆ ಮಾತು ಹೇಳಬೇಕಿತ್ತು ಅಂತ ನಂಗ ಅನಸ್ತು.

ಕ್ಯಾಂಪ್ ಹುಡುಗ | ಬೆಳಗಾವಿ

ಅಕ್ಕಾರ, ನಿಮ್ಮದು ಎರಡು ಸಲ ಓದಿದೆ. ನನ್ನ ಹೆಂಡತಿಗೂ ಓದಿ ಹೇಳಿದೆ. ಆ ಹಿರಿಯರ ಮಾರಿ ನನ್ನ ಕಣ್ಣ ಮುಂದ ನಿಂತೈತಿ.

ಜಮಖಂಡಿ ತಮ್ಮ | ಜಮಖಂಡಿ

ಅಕ್ಕಾರ ಹೇಳಿದ್ದು ಕೇಳಿ ಒಂದು ಹೊಳೀತು. ನಮ್ಮ ವಯಸ್ಸಿನವರಿಗೆ ಚಕ್ ನಾರಿಸ್ ಗೊತ್ತಾಗಿದ್ದು ಪಿಕ್ಚರಿನಿಂದ ಅಲ್ಲ, ಇಂಟರ್ನೆಟ್ಟಿನ ಜೋಕಿನಿಂದ. 2005ರ ಸುಮಾರಿಗೆ ಶುರು ಆದವು. ಅವ ದಂಡ ಹೊಡದ್ರ ಮೈ ಮ್ಯಾಲ ಏಳೂದಿಲ್ಲ, ಭೂಮಿ ಕೆಳಗ ಹೋಗ್ತೈತಿ ಅನ್ನೂ ನಮೂನಿವು. ಆ ಎಲ್ಲಾ ಜೋಕಿನಾಗೂ ಅವ ಅಗದಿ ಗಂಭೀರ. ಅವನ ಬಿಗಿ ಮಾರಿ ನೆನಸ್ಕೊಂಡ್ರ ನಗು ಬರೂದು.

2012ರ ‘ದಿ ಎಕ್ಸ್‌ಪೆಂಡಬಲ್ಸ್ 2’ದಾಗ ಅವ ಸ್ವಲ್ಪೊತ್ತು ಬರ್ತಾನ. ಕಾಳಿಂಗ ಸರ್ಪ ಕಡದಿತ್ತಂತ ಹೌದೇನು ಅಂತ ಸ್ಟಲೋನ್ ಕೇಳ್ತಾನ. ಹೌದು, ಐದು ದಿನ ಭಾಳ ನರಳಿ ಕಡೀಕ ಹಾವು ಸತ್ತಿತು ಅಂತಾನ. ಕಣ್ಣ ಪಿಳುಕಿಸೂದಿಲ್ಲ. ನಾ ಹಾಸ್ಟೆಲಿನಾಗ ಗೆಳೆಯರ ಜೋಡಿ ನೋಡಿದ್ದೆ, ಎಲ್ಲಾರೂ ಮಂಚದ ಮ್ಯಾಲಿಂದ ಉಳ್ಳಿದ್ವಿ.

ಗುಮ್ಮಟದ ದನಿ | ವಿಜಯಪುರ

ಶಾಬ್ಬಾಸ್ ತಮ್ಮಾ! ಅವ ಹುಟ್ಟಿದ್ದು 1940. ಅಂದ್ರ ಫೈರ್‌ವಾಕರ್ ಮಾಡಿದಾಗ 46, ಈ ಹಾವಿನ ಮಾತು ಆಡಿದಾಗ 72. ದುರ್ಯೋಧನ ಚಾ ಕಪ್ ಹಿಡಿಯಾಕ 26 ವರ್ಷ ತಗೊಂಡ.

ಇಳಕಲ್ ಮಾಸ್ತರ | ಇಳಕಲ್

ಎಲ್ಲರಿಗೂ ನಮಸ್ಕಾರ. ನಟನ ಬಗ್ಗೆ ನೀವು ಆಡಿದ್ದು ಒಪ್ಪುತ್ತೇನೆ. ನನಗೆ ಇನ್ನೊಂದು ನೋವಿದೆ, ಅದನ್ನೂ ಇಲ್ಲಿ ಇಡಬೇಕೆನಿಸಿತು.

ನಾನು ಮೂವತ್ತು ವರ್ಷ ಹಳ್ಳಿ ಶಾಲೆಗಳಲ್ಲಿ ಇತಿಹಾಸ ಹೇಳಿದವನು. ಹುಡುಗರನ್ನು ಐಹೊಳೆಗೆ, ಪಟ್ಟದಕಲ್ಲಿಗೆ ಕರೆದುಕೊಂಡು ಹೋಗದ ವರ್ಷವಿಲ್ಲ. ಐಹೊಳೆಯೊಂದರಲ್ಲೇ ನೂರಕ್ಕೂ ಹೆಚ್ಚು ಗುಡಿಗಳಿವೆ. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಅದಕ್ಕೆ ಕಾವಲಿದೆ. ಪಟ್ಟಿಗೆ ಸೇರದ, ಹೊಲದ ಬದುವಿನಲ್ಲಿ ನಿಂತ ಗುಡಿಗಳ ಗತಿ ಏನು? ನಾನು ಮೊದಲು ಕೆಲಸಕ್ಕೆ ಸೇರಿದ ಊರಿನ ಹೊರಗೆ ಒಂದು ಸಣ್ಣ ಶಿವಗುಡಿ ಇತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಅಲ್ಲಿನ ನಂದಿಯ ಮೇಲೆ ಕೂತು ಬುತ್ತಿ ತಿನ್ನುತ್ತಿದ್ದರು. ಒಂದು ಅಮಾವಾಸ್ಯೆಯ ಮರುದಿನ ಹೋಗಿ ನೋಡಿದರೆ ನಂದಿಯ ಬೆನ್ನನ್ನು ಉಳಿ ಹಾಕಿ ಒಡೆದಿದ್ದರು. ಒಳಗೆ ವಜ್ರ ಇರುತ್ತದೆಂದು ಯಾರೋ ನಂಬಿಸಿದ್ದರಂತೆ. ಪಕ್ಕದಲ್ಲಿ ಆಳುದ್ದದ ಗುಂಡಿ, ಕತ್ತರಿಸಿದ ನಿಂಬೆಹಣ್ಣು, ಕುಂಕುಮ. ನಂದಿಯೊಳಗೆ ಕಲ್ಲಲ್ಲದೆ ಇನ್ನೇನಿರುತ್ತದೆ? ಎರಡನೇ ತರಗತಿಯ ಹುಡುಗಿಯೊಬ್ಬಳು ಒಡೆದ ಚೂರುಗಳನ್ನು ಲಂಗದಲ್ಲಿ ತುಂಬಿಕೊಂಡು ಬಂದು, ಅಂಟು ಹಚ್ಚಿ ಕೂಡಿಸೋಣವೇ ಎಂದು ಕೇಳಿದಳು. ನನಗೆ ಮಾತು ಹೊರಡಲಿಲ್ಲ.

ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾಯಿದೆ ನಮ್ಮಲ್ಲಿ 1878ರಿಂದಲೂ ಇದೆ. ಆದರೂ ಗುಂಡಿ ತೋಡುವುದು ನಿಂತಿಲ್ಲ.

ಹಾಗಾಗಿ ಈ ಬಗೆಯ ಸಿನಿಮಾದಲ್ಲಿ ನಾಯಕ ಯಾರದೋ ಗುಡಿಗೆ ನುಗ್ಗಿ ಬಂಗಾರ ಹೊತ್ತು ನಗುತ್ತಾ ಹೊರಬರುವಾಗ ನನಗೆ ನಗು ಬರುವುದಿಲ್ಲ. ಅದೂ ಅಲ್ಲದೆ ಇದರಲ್ಲಿ ಅಪಾಚೆ, ಅಜ್ಟೆಕ್, ಮಾಯಾ ಮೂವರನ್ನೂ ಒಂದೇ ಚೀಲಕ್ಕೆ ತುಂಬಿದ್ದಾರೆ. ಅಪಾಚೆಗಳ ನಾಡು ಈಗಿನ ಅಮೆರಿಕದ ನೈಋತ್ಯ ಭಾಗ. ಅಜ್ಟೆಕ್ ರಾಜಧಾನಿ ಇದ್ದದ್ದು ಈಗಿನ ಮೆಕ್ಸಿಕೊ ನಗರದ ಜಾಗದಲ್ಲಿ, 1521ರಲ್ಲಿ ಸ್ಪೇನಿನವರ ಕೈಗೆ ಬಿತ್ತು. ಮಾಯಾ ಜನರ ಗುಡಿಗಳು ಇನ್ನೂ ದಕ್ಷಿಣಕ್ಕೆ, ಯುಕಟಾನ್, ಗ್ವಾಟೆಮಾಲಾ ಕಡೆ, ಎಷ್ಟೋ ಶತಮಾನ ಹಿಂದಿನವು. ನಾಳೆ ಯಾರಾದರೂ ಆರನೇ ಶತಮಾನದ ಬಾದಾಮಿಯ ಗುಹೆಯೊಳಗೆ ಹದಿನೇಳನೇ ಶತಮಾನದ ಗೋಳಗುಮ್ಮಟವನ್ನಿಟ್ಟು ಮಂಗಳೇಶನ ಖಜಾನೆ ಅಲ್ಲಿದೆ ಎಂದು ಸಿನಿಮಾ ಮಾಡಿದರೆ ನಮಗೆ ಹೇಗಾದೀತು? ಅಲ್ಲಿಯವರಿಗೂ ಹಾಗೇ ಆಗಿರಬೇಕು.

ಕ್ಯಾಂಪ್ ಹುಡುಗ | ಬೆಳಗಾವಿ

ಮಾಸ್ತರ, ನಮಸ್ಕಾರ. ಇಷ್ಟು ವರ್ಷ ಆ ಪಿಕ್ಚರ್ ನೋಡುಮುಂದ ಗುಡಿ ಯಾರದು ಅಂತ ನಾ ಒಂದ ಸಲನೂ ಕೇಳ್ಕೊಂಡಿರಲಿಲ್ಲ. ಆ ಹುಡುಗಿ ಸುದ್ದಿ ಓದಿ ಎದಿ ಹಿಂಡಿತು.

ಗುಮ್ಮಟದ ದನಿ | ವಿಜಯಪುರ

ಮಾಸ್ತರ, ಒಂದ ಮಾತಿಗೆ ಮಾತ್ರ ಎದುರಾಡ್ತೀನಿ, ಸಿಟ್ಟಾಗಬ್ಯಾಡ್ರಿ. ನಿಧಿ ಕಥಿನ ಬ್ಯಾಡ ಅಂದ್ರ ನಮ್ಮ ಊರಿನಾಗ ಅಜ್ಜಿಯರ ಬಾಯಿ ಮುಚ್ಚಬೇಕಾಗ್ತದ. ತಾಳಿಕೋಟಿ ಇರೂದು ನಮ್ಮ ಜಿಲ್ಲೆಯಾಗ. 1565ರ ಕಾಳಗದ ಮ್ಯಾಲ ಆನಿ ಮ್ಯಾಲ ಹೇರಿದ ಬಂಗಾರ ಎಲ್ಲಿ ಹೋತು ಅನ್ನೂ ಕಥಿ ಕೇಳಿನ ನಾವು ಊಟಾ ಮಾಡಿದ್ದು. ಬಂಗಾರ ಕಡೀಕ ಕೈಗೆ ಹತ್ತಬಾರದು, ಅಷ್ಟ. ‘ಮೆಕೆನ್ನಾಸ್ ಗೋಲ್ಡ್’ದಾಗ ಇಡೀ ಕಣಿವಿ ಮಣ್ಣಾಗ್ತದ, ಒಂದು ಕುದುರಿ ಚೀಲದಾಗ ಇದ್ದಷ್ಟು ಉಳೀತದ. ಆಸೆಗೆ ಒಂದು ಬೆಲಿ ಅದ ಅಲ್ಲಿ.

ಇಳಕಲ್ ಮಾಸ್ತರ | ಇಳಕಲ್

ಸಿಟ್ಟೇಕೆ? ಅಜ್ಜಿಯರ ಕಥೆಯಲ್ಲಿ ನಿಧಿಗೆ ಕಾವಲು ಸರ್ಪ ಇರುತ್ತದೆ. ಆ ಸರ್ಪವನ್ನು ಸಿನಿಮಾದವರು ಮರೆಯಬಾರದೆಂದಷ್ಟೇ ನನ್ನ ಕೋರಿಕೆ.

ಗೋಕಾಕ ನೀರು | ಗೋಕಾಕ

ಜಾಕಿ ಚಾನ್ ಹೆಸರು ಯಾರೂ ತಗೀಲಿಲ್ಲಲ್ಲ! ಅವನೂ ಅದ ಹೊತ್ತಿನಾಗ ನಿಧಿ ಬೆನ್ನ ಹತ್ತಿದಾಂವ. ‘ಆರ್ಮರ್ ಆಫ್ ಗಾಡ್’ ತಗಿಯೂ ಮುಂದ ಯುಗೊಸ್ಲಾವಿಯಾದಾಗ ಗ್ವಾಡಿಯಿಂದ ಗಿಡಕ್ಕ ಜಿಗದ, ಟೊಂಗಿ ಮುರದು ಕೆಳಗ ಬಿದ್ದ, ತಲಿಬುರಡಿ ಒಡೀತು. ಸಾಯಬೇಕಾದಾಂವ ಉಳದ. ಅವನ ಪಿಕ್ಚರಿನಾಗ ಹಗುರತನ ಹೊಂದತೈತಿ, ಯಾಕಂದ್ರ ಅವ ಸಣ್ಣಾಂವ ಇದ್ದಾಗಿಂದ ಪೀಕಿಂಗ್ ಆಪೆರಾ ಸಾಲ್ಯಾಗ ಬಿದ್ದು ಎದ್ದು ಬೆಳದಾಂವ. ಹೊಡದ ಮ್ಯಾಲ ಕೈ ನೋವಾಗಿ ಝಾಡಿಸ್ಕೋತಾನ ನೋಡ್ರಿ, ಅಲ್ಲೇ ನಗು ಐತಿ. 2005ರ ‘ದಿ ಮಿಥ್’ದಾಗ ಅವ ನಮ್ಮ ಹಂಪಿಗೂ ಬಂದು ಹೋಗ್ಯಾನ, ಅದರಾಗ ಅವಂದು ಹಳೇ ವಸ್ತು ಶೋಧಿಸೂ ಪಂಡಿತನ ಪಾರ್ಟು.

ಬನಶಂಕರಿ ಬಯಲು | ಬಾದಾಮಿ

ನಮ್ಮ ರಾಜಕುಮಾರ ಅವರನ್ನ ನೆನಸ್ರಿ ಹಂಗಾರ. ಗುಬ್ಬಿ ಕಂಪನ್ಯಾಗ ಬಣ್ಣ ಹಚ್ಚಿ ಬಂದವರು. ಭಕ್ತನ ಪಾರ್ಟು ಮಾಡಿದ ಅದ ಮನಷ್ಯಾ 1968ರಾಗ ‘ಜೇಡರ ಬಲೆ’ಯೊಳಗ ಸಿ.ಐ.ಡಿ. 999 ಆಗಿ ಸೂಟು ಹಾಕ್ಕೊಂಡು ಬಂದಾಗ ಯಾರಿಗೂ ಆ ಸೂಟು ಬ್ಯಾರೆಯವರದು ಅನಸಲಿಲ್ಲ. ಕಂಪನ್ಯಾಗ ಇವತ್ತು ರಾಜ, ನಾಳೆ ಆಳು. ಎಲ್ಲಾ ಪಾರ್ಟೂ ಮೈಗೆ ಹತ್ತಿರ್ತಾವ. 2019ರ ‘ಅವನೇ ಶ್ರೀಮನ್ನಾರಾಯಣ’ದಾಗ ನಿಧಿ ಕದ್ದವರು ನಾಟಕದವರು ಅಂತ ಇತ್ತಲ್ಲ, ಅದನ್ನ ನೋಡುಮುಂದ ನಮ್ಮ ಅಪ್ಪಾ ಇರಬೇಕಿತ್ತು ಅಂತ ಭಾಳ ಅನಸಿತ್ತು.

ಚಕ್ ನಾರಿಸ್ ಕರಾಟೆ ಚೌಕದಾಗ ಬೆಳದವರು. ಅಲ್ಲಿ ಬಿದ್ರ ಅಂಕ ಹೋಗ್ತಾವ. ನಾಟಕದಾಗ ಬಿದ್ರ ಚಪ್ಪಾಳಿ ಬೀಳ್ತಾವ. ಇದರಾಗ ಅವರ ತಪ್ಪೇನೂ ಇಲ್ಲರಿ.

ಕ್ಯಾಂಪ್ ಹುಡುಗ | ಬೆಳಗಾವಿ

ಎಲ್ಲಾರೂ ಹೇಳಿದ್ದು ತಲ್ಯಾಗ ಇಟ್ಕೊಂಡು ನಿನ್ನೆ ರವಿವಾರ ಮತ್ತ ಪಿಕ್ಚರ್ ಹಾಕಿದೆ. ಈ ಸಲ ಒಬ್ಬನ ಅಲ್ಲ, ಸಣ್ಣ ಮಗಳನ್ನ ಬಾಜೂಕ ಕುಂದರಿಸ್ಕೊಂಡೆ. ಹತ್ತು ವರ್ಷದಾಕಿ. ಚಕ್ ನಾರಿಸ್ ಯಾರು ಅಂತನೂ ಗೊತ್ತಿಲ್ಲ. ಇಂಗ್ಲಿಷ್ ಮಾಧ್ಯಮ, ಮಾತು ತಿಳೀತಾವ. ನಾ ಪರದೆ ನೋಡಲಿಲ್ಲ, ಆಕಿ ಮಾರಿ ನೋಡಿದೆ.

ಶುರುವಿಗೇ ಒಂದು ದೃಶ್ಯ ಬರ್ತೈತಿ, ನಿಮಗೂ ನೆನಪಿರಬೇಕು. ವೈರಿಗಳು ಮ್ಯಾಕ್ಸ್, ಲಿಯೊ ಇಬ್ಬರನೂ ಮರಳುಗಾಡಿನಾಗ ಅಂಗಾತ ಕೆಡವಿ, ಕೈಕಾಲು ಗೂಟಕ್ಕ ಬಿಗದು, ಬಿಸಲಿಗೆ ಸಾಯಾಕ ಬಿಟ್ಟು ಹೋಗ್ತಾರ. ಮ್ಯಾಕ್ಸನ ಕೈಯಾಗ ಒಂದು ಗಾಜಿನ ನೀರಿನ ಬಾಟ್ಲಿ, ಕುಡಿಯಾಕ ಬಾಯಿಗೆ ಎಟಕಬಾರದು ಅಂತ. ಬಾಜೂಕ ಲಿಯೊನ ಗೊಣಗಾಟ. ಮ್ಯಾಕ್ಸ್ ಆ ಬಾಟ್ಲಿ ಹಿಂಡಾಕ ಹತ್ತತಾನ. ಮಾರಿ ಬಿಗೀತೈತಿ, ಮುಂಗೈ ನರ ಉಬ್ಬತಾವ. ಬಾಟ್ಲಿ ಒಡೀತೈತಿ, ಅದರ ಚೂರಿಲೆ ಹಗ್ಗ ಕೊಯ್ಯತಾನ.

ಮಗಳು ಖೊಳ್ಳಂತ ನಕ್ಕಳು. ‘ಪಪ್ಪಾ, ಅವ ಬಾಟ್ಲಿಗೂ ಸಿಟ್ಟಾಗ್ಯಾನ!’ ಅಂದ್ಳು.

ಆಮ್ಯಾಲ ದಾರೂ ಅಂಗಡಿ ಬಂತು, ಪಾದ್ರಿ ವೇಷ ಬಂತು, ಚಕ್ ನಾರಿಸ್ ನಕ್ಕ, ಕಣ್ಣು ಹೊಡದ. ಆಕಿ ನಗಲಿಲ್ಲ. ಚುರುಮುರಿ ತಿನ್ಕೋತ ನೋಡಿದ್ಳು, ನಡುವ ಎದ್ದು ನೀರು ಕುಡದು ಬಂದ್ಳು. ಗುಡಿ ಬಂದಾಗ ನಾ ಮಾಸ್ತರ ಹೇಳಿದ್ದು ಆಕಿಗೆ ಹೇಳಿದೆ, ನಂದಿ ಸುದ್ದಿನೂ ಹೇಳಿದೆ. ‘ಆ ನಂದಿ ಈಗ ಹೆಂಗೈತಿ?’ ಅಂತ ಕೇಳಿದ್ಳು. ಮಾಸ್ತರ, ಅದಕ್ಕ ಉತ್ತರ ನೀವ ಕೊಡಬೇಕು.

ಇಳಕಲ್ ಮಾಸ್ತರ | ಇಳಕಲ್

ಮಗಳಿಗೆ ಹೇಳಿರಿ: ಬೆನ್ನಿನ ಮೇಲೆ ಗಾಯ ಹಾಗೇ ಇದೆ. ಊರವರು ಗುಂಡಿ ಮುಚ್ಚಿ, ಸುತ್ತಲೂ ಕಲ್ಲಿನ ಕಟ್ಟೆ ಕಟ್ಟಿದ್ದಾರೆ. ಆ ಚೂರುಗಳನ್ನು ಶಾಲೆಯ ಕಪಾಟಿನಲ್ಲಿ ಇಟ್ಟಿದ್ದೆವು, ನಾನು ಬಿಟ್ಟು ಬರುವಾಗಲೂ ಅಲ್ಲೇ ಇದ್ದವು. ಈ ಕಡೆ ಬಂದರೆ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಬನಶಂಕರಿ ಬಯಲು | ಬಾದಾಮಿ

ಬನದ ಹುಣ್ಣಿವಿಗೆ ಬರ್ರಿ ಅಣ್ಣಾರ, ಮಗಳನ್ನ ಕರಕೊಂಡು ಬರ್ರಿ. ತೇರು ನೋಡಿ, ನಮ್ಮನಿಯಾಗ ರೊಟ್ಟಿ ಉಂಡು, ರಾತ್ರಿ ನಾಟಕಕ್ಕ ಹೋಗೂಣು. ಎರಡನೇ ಆಟಕ್ಕ ಟಿಕೀಟು ನಾ ತಗಸಿ ಇಡ್ತೀನಿ.